ಎರಡನೇ ಚೀಟಿ

ಅಂಗಡಿಯ ಶಟರ್ ಇನ್ನೂ ಅರ್ಧ ಮಾತ್ರ ಮೇಲೆದ್ದಿತ್ತು. ಅಳಿಲು ನೆಲದ ಮೇಲೆ ಹಳೆಯ ಬಿಳಿ ಬಟ್ಟೆ ಹರಡಿಕೊಂಡು, ಹಿಂದಿನ ದಿನ ಬಿಚ್ಚಿದ್ದ ಸ್ಕ್ರೂಗಳನ್ನು ಆರಿಸುತ್ತಿದ್ದಳು. ಉದ್ದದವು ಒಂದು ಗೂಡಿಗೆ, ಗಿಡ್ಡವು ಇನ್ನೊಂದಕ್ಕೆ, ತಲೆ ಸವೆದವು ಡಬ್ಬಿಗೆ. ಕಣ್ಣಿಟ್ಟು ನೋಡಬೇಕಾಗಿರಲಿಲ್ಲ, ಬೆರಳ ತುದಿಗೇ ಗೊತ್ತಾಗುತ್ತಿತ್ತು. ಮೇಜಿನ ಹತ್ತಿರ ಅಣ್ಣ ಟೀ ಕುಡಿಯುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಅತ್ತಿಗೆ ಕೂದಲನ್ನು ಮೇಲೆತ್ತಿ ಗಂಟು ಹಾಕಿ, ಕೈಗೆ ಸಿಕ್ಕಿದ ಕಪ್ಪು ಮಾರ್ಕರ್ ಪೆನ್ನನ್ನು ಅದಕ್ಕೆ ಸಿಕ್ಕಿಸಿಕೊಂಡಳು. ಅಳಿಲು ಒಂದು ಗಿಡ್ಡ ಸ್ಕ್ರೂವನ್ನು ಉದ್ದದವುಗಳ ಗೂಡಿಗೆ ಹಾಕಿದಳು. ಆಮೇಲೆ ಹುಡುಕಿ ವಾಪಸ್ ತೆಗೆದಳು.

ಆ ಪೆನ್ನು ಅಳಿಲಿನದು.

ಅಳಿಲು ಅನ್ನುವುದು ಅಣ್ಣ ಇಟ್ಟ ಅಡ್ಡಹೆಸರು. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮ ಮೆಟ್ಟಿಲ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅವರನ್ನು ನೋಡಿಕೊಳ್ಳಲು ಅವಳು ಸ್ಕೂಲು ಬಿಟ್ಟಳು. ಅಮ್ಮ ಗೋಡೆ ಹಿಡಿದು ನಡೆಯುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ತನ್ನ ಭುಜಕ್ಕೂ ಬಾರದ ಹುಡುಗಿಯರ ಜೊತೆ ಬೆಂಚಿನಲ್ಲಿ ಕೂರಲು ನಾಚಿಕೆಯಾಗಿ ಅವಳು ಮತ್ತೆ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಸೂರು ನೋಡಿಕೊಂಡು ಕೂರುವ ಬದಲು ಅಂಗಡಿಗಾದರೂ ಬಾ ಎಂದು ಅಣ್ಣ ಕರೆದುಕೊಂಡು ಬಂದ. ಕಂಪ್ಯೂಟರ್ ರಿಪೇರಿ ಅಂಗಡಿ. ಹಾಳಾದ ಡಿಸ್ಕುಗಳಿಂದ ಜನರ ಫೋಟೋ, ಕಾಗದಪತ್ರ, ಲೆಕ್ಕಾಚಾರ ಎಲ್ಲವನ್ನೂ ಹೊರಗೆ ತೆಗೆಯುವುದರಲ್ಲಿ ಅಣ್ಣನದು ಎತ್ತಿದ ಕೈ. ಅವನು ಕೊಟ್ಟ ಸಾಮಾನನ್ನು ಅವಳು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದುಕೊಂಡು, ತುಟಿಪಿಟಿಕ್ಕೆನ್ನದೆ ಮೂಲೆಗೆ ಹೋಗಿ ಕೂರುತ್ತಿದ್ದಳು. ಅದಕ್ಕೇ ಅಳಿಲು. ಅಂಗಡಿಗೆ ಬರುವವರಿಗೂ ಅದೇ ಹೆಸರು ರೂಢಿಯಾಯಿತು.

ಮೊದಲ ತಿಂಗಳು ಅವಳು ಧೂಳು ಹೊಡೆದಳು. ಎರಡನೇ ತಿಂಗಳು ಅಣ್ಣನ ಮೇಜಿನ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡಳು. ಅವನು ಬೇಡ ಅನ್ನಲಿಲ್ಲ. ಆ ಸ್ಟೂಲಿನ ಮೇಲೆ ಏಳು ವರ್ಷ ಕೂತಳು. ಅವನ ಕೈ ಎಲ್ಲಿಗೆ ಹೋಗುತ್ತದೆ, ಯಾವ ಸದ್ದಿಗೆ ಹುಬ್ಬು ಗಂಟಿಕ್ಕುತ್ತಾನೆ, ಪರದೆಯ ಮೇಲೆ ಏನು ಬಂದರೆ ಉಸಿರು ಬಿಡುತ್ತಾನೆ, ಎಲ್ಲವನ್ನೂ ನೋಡಿಯೇ ಕಲಿತಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಡಿಸ್ಕುಗಳ ನಂಬರಿನಲ್ಲಿ ಇರುವುದು ಹತ್ತು ಅಂಕಿ, ಆರೇ ಆರು ಅಕ್ಷರ, ಎ ಇಂದ ಎಫ್ ತನಕ. ಅಷ್ಟು ಅವಳಿಗೆ ಧಾರಾಳವಾಗಿ ಬರುತ್ತಿತ್ತು.

ಆ ನಂಬರು ಏನೆಂದು ಅಣ್ಣ ಒಂದು ದಿನ, ಕೆಲಸ ಕಡಿಮೆಯಿದ್ದಾಗ, ರಟ್ಟಿನ ಪೆಟ್ಟಿಗೆಯ ಮೇಲೆ ಚಿತ್ರ ಬರೆದು ಹೇಳಿದ್ದ.

"ಡಿಸ್ಕ್ ಅಂದ್ರೆ ಒಂದು ದೊಡ್ಡ ಹಾಲ್ ಅಂದ್ಕೋ. ಮಧ್ಯೆ ಗೋಡೆ ಎತ್ತಿ ಕೋಣೆ ಮಾಡ್ತೀವಿ. ಪ್ರತಿ ಕೋಣೆ ಬಾಗಿಲ ಮೇಲೆ ಎರಡು ಚೀಟಿ ಅಂಟಿಸಿರುತ್ತೆ. ಮೊದಲನೇ ಚೀಟಿ, ಇದು ಅಡುಗೆಮನೆ, ಇದು ಬಚ್ಚಲು, ಇದು ಉಗ್ರಾಣ ಅಂತ ಹೇಳೋದು. ಎಲ್ಲರ ಮನೆ ಬಚ್ಚಲಿಗೂ ಒಂದೇ ಚೀಟಿ. ಎರಡನೇದು ಹಾಗಲ್ಲ. ಇದು ಈ ಮನೆಯ ಈ ಕೋಣೆ, ಲೋಕದಲ್ಲಿ ಇಂಥದ್ದು ಇನ್ನೊಂದಿಲ್ಲ ಅಂತ ಹೇಳೋ ಚೀಟಿ ಅದು."

ಎರಡೂ ಚೀಟಿಗಳು ನೋಡಲು ಒಂದೇ ತರಹ, ಮೂವತ್ತೆರಡು ಅಂಕಿ-ಅಕ್ಷರಗಳು ಐದು ಗೊಂಚಲಾಗಿ. ಮಾಮೂಲಿ ಸಾಮಾನು ತುಂಬುವ ಕೋಣೆಯ ಮೊದಲನೇ ಚೀಟಿ ಇ-ಬಿ-ಡಿ-ಸೊನ್ನೆ ಎಂದು ಶುರುವಾಗುತ್ತದೆ, ಯಂತ್ರವನ್ನು ನಿದ್ದೆಯಿಂದ ಎಬ್ಬಿಸುವ ಕೋಣೆಯದು ಸಿ-ಒಂದು-ಎರಡು-ಎ ಎಂದು. ಯಾವ ಊರಿನ ಯಾವ ಡಿಸ್ಕಾದರೂ ಅಷ್ಟೇ. ಎರಡನೇ ಚೀಟಿಯ ನಂಬರನ್ನು ಮಾತ್ರ ಕಂಪ್ಯೂಟರ್ ಕಣ್ಣು ಮುಚ್ಚಿ ಕಾಳು ಎರಚಿದ ಹಾಗೆ ತಾನೇ ಹುಟ್ಟಿಸುತ್ತದೆ. ಯಾರನ್ನೂ ಕೇಳುವುದಿಲ್ಲ, ಎಲ್ಲೂ ಬರೆಸುವುದಿಲ್ಲ. ಆದರೂ ಅದೇ ನಂಬರು ಇನ್ನೊಂದಕ್ಕೆ ಬೀಳುವುದಿಲ್ಲ, ಅಷ್ಟು ಉದ್ದ ಅದು.

"ಹಾಗಾದ್ರೆ ಎರಡಕ್ಕೆ ಒಂದೇ ನಂಬರ್ ಬರೋದೇ ಇಲ್ವಾ?" ಎಂದು ಅವಳು ಕೇಳಿದ್ದಳು.

"ನಾವು ನಕಲು ಮಾಡಿದ್ರೆ ಬರುತ್ತೆ. ಗೋಡೆ, ಸಾಮಾನು, ಚೀಟಿ, ಎಲ್ಲಾ ಹಾಗ್ಹಾಗೇ ಬಂದುಬಿಡುತ್ತೆ. ಆಮೇಲೆ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ರೆ ಅದಕ್ಕೆ ತಲೆ ಕೆಡುತ್ತೆ. ಯಾವುದು ಕೈಗೆ ಸಿಗುತ್ತೋ ಅದನ್ನೇ ನಿಜ ಅನ್ಕೊಳ್ಳುತ್ತೆ."

ಇದು ಅವನು ಪುಸ್ತಕ ಓದಿ ಹೇಳಿದ್ದಲ್ಲ. ಪ್ರಿಂಟಿಂಗ್ ಪ್ರೆಸ್ಸಿನವರೊಬ್ಬರ ಡಿಸ್ಕನ್ನು ನಕಲು ಮಾಡಿ, ಎರಡನ್ನೂ ಮೇಜಿನ ಮೇಲೆ ಒಂದೇ ಯಂತ್ರಕ್ಕೆ ಸಿಕ್ಕಿಸಿಟ್ಟು, ಅರ್ಧಕ್ಕೆ ಕೆಟ್ಟುಹೋದ ನಕಲು ಎಂದುಕೊಂಡು ಅಸಲನ್ನೇ ಅಳಿಸಿದ್ದ. ಆ ಮನುಷ್ಯ ಅಂಗಡಿಯ ಮುಂದೆ ನಿಂತು ಅಂದ ಮಾತು ಇಡೀ ಬೀದಿಗೆ ಕೇಳಿಸಿತ್ತು. ಅವತ್ತಿನಿಂದ ಅಣ್ಣನ ಒಂದು ಕಟ್ಟುನಿಟ್ಟು. ನಕಲು ಮುಗಿದ ಕೂಡಲೇ ಹೊಸದಕ್ಕೆ ಹೊಸ ನಂಬರು ಕೊಡಬೇಕು, ಹಳೆಯದರ ಕೇಬಲ್ ಕೀಳಬೇಕು, ಅದನ್ನು ಕವರಿನೊಳಗೆ ಹಾಕಿ ಗಿರಾಕಿಯ ಕೈಗೇ ಕೊಡಬೇಕು. ಜೊತೆಗೆ ಪ್ರತಿ ಡಿಸ್ಕಿನ ಬೆನ್ನ ಮೇಲೂ ಒಂದು ಸ್ಟಿಕ್ಕರು. ಅದರಲ್ಲಿ ಎರಡು ಸಾಲು. ಮೇಲೆ, ಮೊದಲನೇ ಚೀಟಿಯ ಮೊದಲ ನಾಲ್ಕು. ಕೆಳಗೆ, ಎರಡನೇ ಚೀಟಿಯ ಕೊನೆಯ ನಾಲ್ಕು. ಇದನ್ನು ಅಳಿಲು ಬರೆಯಬೇಕು, ಬರೆಯುವಾಗ ಗಟ್ಟಿಯಾಗಿ ಓದಬೇಕು. ಅವಳು ಗಟ್ಟಿಯಾಗಿ ಮಾತಾಡುತ್ತಿದ್ದುದು ದಿನದಲ್ಲಿ ಆ ಹೊತ್ತಿಗೆ ಮಾತ್ರ. ಈ ಪದ್ಧತಿಯನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಇಬ್ಬರೇ ಇದ್ದ ಅಂಗಡಿಯಲ್ಲಿ ಬರೆದಿಡುವ ಅಗತ್ಯವೂ ಇರಲಿಲ್ಲ.

ಈಗ ಮೂವರಾಗಿದ್ದರು. ಅಣ್ಣನಿಗೆ ಮದುವೆಯಾಗಿ ನಾಲ್ಕು ತಿಂಗಳು.

ಅತ್ತಿಗೆ ಕಾಲೇಜಿನಲ್ಲಿ ಕಂಪ್ಯೂಟರನ್ನೇ ಓದಿದವಳು. ಮದುವೆಯಾದ ಎರಡನೇ ವಾರವೇ ಅಂಗಡಿಗೆ ಬಂದಳು. ಪರದೆಯ ಮೇಲೆ ಉದ್ದುದ್ದ ಇಂಗ್ಲಿಷ್ ಸಾಲು ಬಂದರೆ ಅಣ್ಣ ಕಣ್ಣು ಕಿರಿದು ಮಾಡಿ ಓದುವಷ್ಟರಲ್ಲಿ ಅವಳು ಉತ್ತರ ಒತ್ತಿ ಮುಗಿಸಿರುತ್ತಿದ್ದಳು. ಕೂರಲು ಅಣ್ಣ ಕುರ್ಚಿ ತಂದುಕೊಟ್ಟ. ಕುರ್ಚಿ ಅಗಲ. ಮೇಜಿನ ಪಕ್ಕ ಕುರ್ಚಿ ಬಂದಮೇಲೆ ಸ್ಟೂಲು ಅರ್ಧ ಮೊಳ ಆಚೆ ಹೋಯಿತು, ಮಾರನೇ ದಿನ ಇನ್ನರ್ಧ ಮೊಳ. ಮೂರನೇ ದಿನ ಅತ್ತಿಗೆಯ ಕೈಚೀಲ ಅದರ ಮೇಲೆ ಕೂತಿತ್ತು. ಅಳಿಲು ಮುಂದಿನ ಕೌಂಟರಿಗೆ ಬಂದಳು. ಏಳು ವರ್ಷದ ಜಾಗ ಮೂರು ದಿನದಲ್ಲಿ ಹೋಯಿತು, ಯಾರೂ ಕಿತ್ತುಕೊಂಡಿರಲಿಲ್ಲ. ಆ ಸ್ಟೂಲು ವಾಪಸ್ ಬೇಕು ಎಂದು ಅವಳು ಹಗಲೂ ರಾತ್ರಿ ಅಂದುಕೊಂಡಳು. ಬಾಯಿ ಬಿಟ್ಟು ಒಂದು ಸಲವೂ ಕೇಳಲಿಲ್ಲ.

ಅತ್ತಿಗೆ ಕೆಟ್ಟವಳಾಗಿದ್ದರೆ ಸುಲಭವಿತ್ತು. ಊಟದ ಡಬ್ಬಿ ಬಿಚ್ಚಿದರೆ ಮೊದಲ ತುತ್ತು ನಾದಿನಿಗೇ. ಅವಳ ಚಪ್ಪಲಿ ಕಿತ್ತುಹೋದದ್ದನ್ನು ಅಣ್ಣನಿಗಿಂತ ಮೊದಲು ನೋಡಿ ಹೊಸದು ತಂದವಳೂ ಅತ್ತಿಗೆಯೇ. ಅಳಿಲು ಆ ಚಪ್ಪಲಿ ಹಾಕಿಕೊಂಡು ಓಡಾಡಿದಳು. ಅಳತೆ ಸರಿಯಾಗಿತ್ತು. ಹೊಟ್ಟೆಯೊಳಗಿನ ಉರಿ ಮಾತ್ರ ಒಂದು ಚೂರೂ ಇಳಿಯಲಿಲ್ಲ. ನಗುವಾಗ ಅತ್ತಿಗೆ ಅಣ್ಣನ ತೋಳು ಹಿಡಿದುಕೊಳ್ಳುವುದು, ಅಣ್ಣ ಡಿಸ್ಕಿನ ಸದ್ದನ್ನು ಈಗ ಅತ್ತಿಗೆಯ ಕಿವಿಗೆ ಹಿಡಿದು "ಕೇಳಿಸ್ತಾ?" ಅನ್ನುವುದು, ಇವೆಲ್ಲ ಕೌಂಟರಿನ ಗಾಜಿನಲ್ಲಿ ಪ್ರತಿಫಲಿಸಿ ಅವಳಿಗೆ ಕಾಣುತ್ತಿತ್ತು. ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಒಂದು ದಿನ ಒಬ್ಬ ಮೇಷ್ಟ್ರು ಬಂದು, ನನ್ನ ಡಿಸ್ಕಿಗೆ ಏನಾಗಿದೆ ಸ್ವಲ್ಪ ಅರ್ಥವಾಗುವ ಹಾಗೆ ಹೇಳಿ ಎಂದು ಕೇಳಿದರು. ಅತ್ತಿಗೆ ಕೈ ಅಲ್ಲಾಡಿಸುತ್ತ, "ಸರ್, ಒಂದು ದೊಡ್ಡ ಹಾಲ್ ಅಂದ್ಕೊಳ್ಳಿ," ಎಂದು ಶುರುಮಾಡಿದಳು. ಗೋಡೆ, ಕೋಣೆ, ಬಾಗಿಲು, ಎರಡು ಚೀಟಿ. ಬಚ್ಚಲಿನ ಮಾತು ಬಂದಾಗ ಹೊಸದೊಂದು ತಮಾಷೆ ಸೇರಿಸಿದಳು. ಮೇಷ್ಟ್ರು ಬಿದ್ದುಬಿದ್ದು ನಕ್ಕರು. ಕೌಂಟರಿನ ಹಿಂದೆ ಅಳಿಲು ಗಾಜು ಒರೆಸುವುದನ್ನು ನಿಲ್ಲಿಸಿದಳು. ಆ ರಟ್ಟಿನ ಪೆಟ್ಟಿಗೆಯ ತುಂಡನ್ನು ಅವಳು ಇವತ್ತಿಗೂ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದಳು. ಅಣ್ಣ ಅದನ್ನು ಇನ್ನೊಬ್ಬರಿಗೂ ಹೇಳಿದ್ದಾನೆ. ಯಾವಾಗ ಹೇಳಿದ? ಎಲ್ಲಿ ಕೂತು ಹೇಳಿದ? ಅವಳಿಗೂ ಚಿತ್ರ ಬರೆದು ತೋರಿಸಿದನಾ?

ಹೋಗುವಾಗ ಮೇಷ್ಟ್ರು, ಈ ಹುಡುಗಿ ಯಾರು ಎಂದು ಕೇಳಿದರು.

"ನಮ್ಮ ನಾದಿನಿ. ಅಂಗಡೀಲಿ ಚಿಕ್ಕಪುಟ್ಟ ಸಹಾಯ ಮಾಡ್ತಾಳೆ," ಅಂದಳು ಅತ್ತಿಗೆ, ಪ್ರೀತಿಯಿಂದಲೇ.

ಅತ್ತಿಗೆ ಮೊದಲನೇ ಚೀಟಿ ಮಾತ್ರ ಓದಿದರು ಅಂದುಕೊಂಡಳು ಅಳಿಲು. ನಾದಿನಿ. ಎಲ್ಲರ ಮನೆಯಲ್ಲೂ ಒಬ್ಬಳು ಇರುತ್ತಾಳೆ.

ಅವಳಿಗೆ ಉಳಿದಿದ್ದದ್ದು ಪೆನ್ನು ಮತ್ತು ಸ್ಟಿಕ್ಕರು. ಬರೆಯುವ ಹೊತ್ತಿಗಾದರೂ ಮೇಜಿನ ಹತ್ತಿರ ಹೋಗಿ, ಅಣ್ಣನ ಹೆಗಲ ಮೇಲಿಂದ ಬಗ್ಗಿ, ಪರದೆ ನೋಡಿ, ಎಂಟು ಅಕ್ಷರ ಗಟ್ಟಿಯಾಗಿ ಓದಬಹುದಿತ್ತು. ಹಾಗಿರುವಾಗ ಅತ್ತಿಗೆ ಒಂದು ಪುಟ್ಟ ಯಂತ್ರ ತರಿಸಿದಳು. ಅಂಗೈಯಗಲದ್ದು, ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರಿನಿಂದ ನೇರವಾಗಿ ನಂಬರು ಎತ್ತಿಕೊಂಡು, ಜರ್ರೆಂದು ಸ್ಟಿಕ್ಕರ್ ಮುದ್ರಿಸಿ ಉಗುಳುತ್ತಿತ್ತು. ಅಚ್ಚುಕಟ್ಟಾದ ಅಕ್ಷರ. ಅಣ್ಣ ಮೂರು ಸಲ ಸುಮ್ಮನೆ ಮುದ್ರಿಸಿ ನೋಡಿದ, ಮಗುವಿನ ಹಾಗೆ ಖುಷಿಪಟ್ಟ.

"ಇನ್ನು ಅಳಿಲುಸೇವೆಗೆ ರಜೆ ಕಣೇ," ಎಂದು ಅತ್ತಿಗೆ ನಗುತ್ತ ಅವಳ ಕೆನ್ನೆ ತಟ್ಟಿದಳು. "ಬರೆದೂ ಬರೆದೂ ಬೆರಳೆಲ್ಲ ಮಸಿ ಮಾಡ್ಕೊಳ್ತಿದ್ದೆ, ಪಾಪ. ಈಗ ಅಂಟಿಸಿದ್ರೆ ಸಾಕು."

ಅಣ್ಣನೂ ನಕ್ಕ. ಅಳಿಲು ಕೂಡ ನಕ್ಕಳು, ಬೇರೆ ದಾರಿ ಇರಲಿಲ್ಲ. ಮಾರನೇ ಬೆಳಿಗ್ಗೆಯೇ ಆ ಪೆನ್ನು ಅತ್ತಿಗೆಯ ಕೂದಲ ಗಂಟಿಗೆ ಏರಿತ್ತು, ಅಳಿಲು ನೆಲದ ಮೇಲೆ ಕೂತು ಸ್ಕ್ರೂ ಆರಿಸುತ್ತಿದ್ದಾಗ.

ಅವತ್ತು ಅಣ್ಣ ಟೀ ಲೋಟ ಕೆಳಗಿಟ್ಟು ಎದ್ದ. ಒಂದು ಸ್ಕೂಲಿನಲ್ಲಿ ಇಪ್ಪತ್ತು ಕಂಪ್ಯೂಟರ್ ಕೂರಿಸಿಕೊಡುವ ಕೆಲಸ, ಎರಡು ದಿನ ಅಲ್ಲೇ. ಅತ್ತಿಗೆಗೆ, ಹಲ್ಲಿನ ಡಾಕ್ಟರಮ್ಮನ ಯಂತ್ರ ಬರುತ್ತದೆ, ಡಿಸ್ಕು ಸಾಯುವ ಹಾಗಿದೆ, ನಕಲು ಮಾಡಿ ಹೊಸದು ಹಾಕಿ ಕಳಿಸು ಎಂದು ಹೇಳಿ ಹೊರಟ. ತಂಗಿಯ ಕಡೆ ತಿರುಗಿ, ಬಾಗಿಲು ನೋಡ್ಕೋ ಅಂದ.

ಯಂತ್ರ ಹನ್ನೊಂದು ಗಂಟೆಗೆ ಬಂತು. ಹಲ್ಲಿನ ಎಕ್ಸ್‌ರೇ ಫೋಟೋಗಳನ್ನೆಲ್ಲ ಇಟ್ಟುಕೊಳ್ಳುವ ಕಪ್ಪು ಪೆಟ್ಟಿಗೆ. ಅತ್ತಿಗೆ ಅದನ್ನು ಬಿಚ್ಚಿದ ರೀತಿಯಲ್ಲಿ ತಪ್ಪು ಹುಡುಕಲು ಅಳಿಲಿಗೆ ಆಗಲಿಲ್ಲ. ಹಳೆಯ ಡಿಸ್ಕು, ಹೊಸ ಡಿಸ್ಕು, ನಡುವೆ ನಕಲು. ನಾಲ್ಕು ಗಂಟೆ ಹಿಡಿಯಿತು. ಒಂದು ಚುಕ್ಕೆಯೂ ಕಳೆಯದೆ ಎಲ್ಲ ಬಂತು. ಅಷ್ಟರಲ್ಲಿ ಡಾಕ್ಟರಮ್ಮ ಫೋನ್ ಮಾಡಿದರು. ಹಳೆಯದನ್ನು ಹೊರಗೆ ತೆಗೆದು ಕೊಟ್ಟರೆ ಕ್ಲಿನಿಕ್ಕಿನಲ್ಲಿ ಯಾರಾದರೂ ಕಳೆದುಹಾಕುತ್ತಾರೆ, ಪೆಟ್ಟಿಗೆಯೊಳಗೇ ಇರಲಿ, ಮುಂದೆ ಬೇಕಾಗಬಹುದು ಅಂದರು. ಅತ್ತಿಗೆ, ಅದಕ್ಕೇನಂತೆ ಡಾಕ್ಟರೇ ಎಂದು ಒಪ್ಪಿಕೊಂಡಳು. ಪೆಟ್ಟಿಗೆಯಲ್ಲಿ ಎರಡು ಡಿಸ್ಕಿಗೆ ಜಾಗವಿತ್ತು. ಎರಡೂ ಕೂತವು, ಎರಡಕ್ಕೂ ಕೇಬಲ್ ಬಿತ್ತು. ಚಾಲೂ ಮಾಡಿ ನೋಡಿದಳು. ಫೋಟೋಗಳು ಚಕಚಕನೆ ತೆರೆದವು.

ಮೇಜಿನ ಮೇಲಿನ ಯಂತ್ರ ಜರ್ರೆಂದಿತು, ಎರಡು ಸಲ.

"ತಗೋ, ಅಂಟಿಸಿಬಿಡು ತಾಯಿ. ಅವರ ನರ್ಸಮ್ಮ ಬರೋ ಹೊತ್ತಾಯ್ತು," ಎಂದು ಅತ್ತಿಗೆ ಸ್ಟಿಕ್ಕರುಗಳನ್ನು ನೋಡದೆಯೇ ಕೈಗೆ ಕೊಟ್ಟಳು. ಕೊಟ್ಟು, ಬೇರೆ ಗಿರಾಕಿಯ ಜೊತೆ ಮಾತಿಗೆ ನಿಂತಳು.

ಅಳಿಲು ನೋಡಿದಳು. ಅವಳ ಕಣ್ಣು ಮೇಲಿನ ಸಾಲಿನಲ್ಲಿ ನಿಲ್ಲಲಿಲ್ಲ. ಸೊನ್ನೆ-ಎಫ್-ಸಿ-ಆರು, ಬೇರೆ ಬಗೆಯ ಅಂಥ ಪೆಟ್ಟಿಗೆಗಳ ಸಾಮಾನಿನ ಕೋಣೆಗೆ ಇ-ಬಿ-ಡಿ-ಸೊನ್ನೆಯಲ್ಲ, ಅದೇ ಇರಬೇಕು, ಎರಡರಲ್ಲೂ ಇತ್ತು. ಕೆಳಗಿನ ಸಾಲು. ಎಂಟು-ಎಫ್-ಎರಡು-ಡಿ. ಇನ್ನೊಂದನ್ನು ನೋಡಿದಳು. ಎಂಟು-ಎಫ್-ಎರಡು-ಡಿ.

ಕೈಯಲ್ಲಿ ಬರೆಯುತ್ತಿದ್ದರೆ ಎರಡನೆಯದಕ್ಕೆ ಪೆನ್ನು ಇಡುವಾಗಲೇ ಬಾಯಿ ತಾನಾಗಿ ಕೂಗುತ್ತಿತ್ತು. ಹೊಸದಕ್ಕೆ ಹೊಸ ನಂಬರು ಕೊಟ್ಟಿಲ್ಲ. ನಕಲಿನ ಜೊತೆ ಚೀಟಿಯೂ ಬಂದಿದೆ. ಯಂತ್ರ ಏಳುವಾಗ ಈ ನಂಬರಿನ ಕೋಣೆ ಎಲ್ಲಿ ಎಂದು ಹುಡುಕುತ್ತದೆ, ಎರಡು ಕಾಣುತ್ತವೆ, ಒಂದನ್ನು ಹಿಡಿಯುತ್ತದೆ. ಇವತ್ತು ಹೊಸದನ್ನು ಹಿಡಿಯಿತು. ನಾಳೆ ಸಾಯುತ್ತಿರುವ ಹಳೆಯದನ್ನು ಹಿಡಿದರೆ ಕೇಳುವವರಾರು?

ಅತ್ತಿಗೆ ಎಂದು ಕರೆಯಲು ಬಾಯಿ ತೆರೆದಳು. ಅತ್ತ ಅತ್ತಿಗೆ ಆ ಗಿರಾಕಿಗೆ, "ಒಂದು ದೊಡ್ಡ ಹಾಲ್ ಅಂದ್ಕೊಳ್ಳಿ," ಅನ್ನುತ್ತಿದ್ದಳು. ತಲೆ ಅಲ್ಲಾಡಿಸಿದಾಗ ಕೂದಲ ಗಂಟಿನಲ್ಲಿ ಕಪ್ಪು ಪೆನ್ನು ಕೂಡ ಅಲ್ಲಾಡಿತು.

ಅಳಿಲು ಬಾಯಿ ಮುಚ್ಚಿದಳು. ಅಂಟಿಸಿದ್ರೆ ಸಾಕು ಅಂದವರು ಅವರೇ ತಾನೆ. ಸ್ಟಿಕ್ಕರಿನ ಹಿಂದಿನ ಹಾಳೆ ಸುಲಿದು, ಎರಡನ್ನೂ ಎರಡು ಡಿಸ್ಕುಗಳ ಬೆನ್ನಿಗೆ, ಅಂಚಿಗೆ ಸರಿಯಾಗಿ, ಒಂದು ಗುಳ್ಳೆಯೂ ಬಾರದ ಹಾಗೆ ಅಂಟಿಸಿದಳು. ಮುಚ್ಚಳ ಹಾಕಿ ಸ್ಕ್ರೂ ಬಿಗಿದಳು. ನರ್ಸಮ್ಮ ಬಂದು ಒಯ್ದರು.

ಅವತ್ತು ಸಂಜೆ ಮನೆಗೆ ನಡೆಯುವಾಗ ಅವಳಿಗೆ ಹಗುರವೆನಿಸಿತು. ಆಗಲಿ, ಒಂದು ಸಲ ಆಗಲಿ. ಅಣ್ಣನಿಗೆ ಗೊತ್ತಾಗಲಿ, ಕುರ್ಚಿ ಯಾರಿಗೆ ಕೊಟ್ಟೆ ಅಂತ. ಆ ಹಗುರ ಊಟದ ಹೊತ್ತಿನವರೆಗೂ ಇರಲಿಲ್ಲ. ಮೂರನೇ ದಿನ ಅಣ್ಣ ಸ್ಕೂಲಿನ ಕೆಲಸ ಮುಗಿಸಿ ಬಂದು, ಹಲ್ಲಿನ ಡಾಕ್ಟರಮ್ಮನದು ಸರಿಯಾಯಿತಾ ಎಂದು ಕೇಳಿದ. ಅತ್ತಿಗೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗಾಯ್ತು ಅಂದಳು. ಭೇಷ್ ಎಂದು ಅಣ್ಣ ಅವಳ ಬೆನ್ನು ತಟ್ಟಿದ. ಆ ಒಂದು ತಟ್ಟುವಿಕೆಗೆ ಅಳಿಲಿನ ಗಂಟಲವರೆಗೆ ಬಂದಿದ್ದ ಮಾತು ಮತ್ತೆ ಕೆಳಗಿಳಿಯಿತು. ದಿನಾ ಬೆಳಿಗ್ಗೆ, ಇವತ್ತು ಹೇಳಿಬಿಡುತ್ತೇನೆ ಅಂದುಕೊಂಡು ಬರುವಳು. ಒಳಗೆ ಕಾಲಿಟ್ಟು ಸ್ಟೂಲಿನ ಮೇಲಿನ ಕೈಚೀಲ ನೋಡುವಳು. ಹೇಳುತ್ತಿರಲಿಲ್ಲ. ಫೋನ್ ಬಡಿದುಕೊಂಡರೆ ಮಾತ್ರ ಕ್ಲಿನಿಕ್ಕಿನವರಾ ಎಂದು ಕಿವಿಗೊಡುವಳು.

ಹತ್ತನೇ ದಿನ ಮಧ್ಯಾಹ್ನ ನರ್ಸಮ್ಮ ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಮೆಟ್ಟಿಲು ಹತ್ತಿದರು.

ಅವರು ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ಮೊದಲೆರಡು ದಿನ ಎಲ್ಲ ಸರಿಯಿತ್ತಂತೆ. ಮೂರನೇ ದಿನ ಕರೆಂಟ್ ಹೋಗಿ ಬಂತು, ಆಗಲೂ ಏನೂ ವ್ಯತ್ಯಾಸ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಒಳಗಿಂದ ಟಕ್ ಟಕ್ ಸದ್ದು ಬಂದು ಯಂತ್ರ ನಿಂತಿತು. ಆರಿಸಿ ಮತ್ತೆ ಹಾಕಿದರೆ ಎದ್ದಿತು. ಆದರೆ ಒಂದು ವಾರದ ಫೋಟೋ ಒಂದೂ ಇಲ್ಲ. "ಮೂವತ್ತೊಂದು ಜನದ್ದಣ್ಣ. ಅದರಲ್ಲೊಬ್ಬರಿಗೆ ದವಡೆ ಆಪರೇಷನ್ ನಾಳೆ ಇಟ್ಕೊಂಡಿದ್ದಾರೆ. ಡಾಕ್ಟರಮ್ಮ ಹಾಗೇ ಕೂತ್‌ಬಿಟ್ಟಿದ್ದಾರೆ."

ಅಣ್ಣ ಮುಚ್ಚಳ ತೆಗೆದ. "ಹಳೇದು ಒಳಗ್ಯಾಕಿದೆ?"

"ಡಾಕ್ಟರಮ್ಮನೇ ಇರಲಿ ಅಂದ್ರು ರೀ," ಎಂದಳು ಅತ್ತಿಗೆ.

ಅವನು ಟಾರ್ಚ್ ಹಾಕಿ ಬಗ್ಗಿದ. ಒಂದು ಡಿಸ್ಕಿನ ಬೆನ್ನು ನೋಡಿದ, ಇನ್ನೊಂದರದು ನೋಡಿದ, ಮತ್ತೆ ಮೊದಲಿನದು. ಟಾರ್ಚಿನ ಬೆಳಕು ಹಾಗೇ ನಿಂತಿತು. ಪೆಟ್ಟಿಗೆಯನ್ನು ಹೆಂಡತಿಯ ಕಡೆ ತಿರುಗಿಸಿದ. ಅವಳು ಜಾಣೆ, ಅರೆಗಳಿಗೆ ಸಾಕಾಯಿತು. ಕಣ್ಣು ತುಂಬಿ ಬಂತು.

"ಹೊಸ ನಂಬರ್ ಕೊಡ್ಲೇ ಇಲ್ಲ ನಾನು. ಎರಡೂ ಅದೇ. ಕರೆಂಟ್ ಬಂದಾಗ ಹಳೇದನ್ನ ಹಿಡಿದಿದೆ, ವಾರದ ಫೋಟೋ ಎಲ್ಲಾ ಅದರಲ್ಲೇ ಹೋಗಿದೆ. ತಪ್ಪು ನಂದೇ ರೀ, ಪೂರ್ತಿ ನಂದೇ."

ಅಣ್ಣ ಸ್ಟಿಕ್ಕರಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಅಷ್ಟು ನೆಟ್ಟಗೆ ಅಂಟಿಸುವ ಕೈ ಅಂಗಡಿಯಲ್ಲಿ ಒಂದೇ.

"ಇದನ್ನ ಅಂಟಿಸಿದ್ದು ನೀನಾ ಅಳಿಲು?"

"ಹೂಂ."

"ನೋಡ್ಲಿಲ್ವಾ?"

ಇಲ್ಲ ಎಂದು ಒಂದು ಮಾತು ಅಂದರೆ ಮುಗಿಯುತ್ತಿತ್ತು. ಅದನ್ನು ಅನ್ನಲೂ ಅವಳು ಸಿದ್ಧಳಾಗಿದ್ದಳು. ಅಷ್ಟರಲ್ಲಿ ಅತ್ತಿಗೆ ಅಡ್ಡ ಬಂದಳು. ಅಳುತ್ತಿದ್ದವಳು ಕಣ್ಣೊರೆಸಿಕೊಂಡು ನಾದಿನಿಯ ಮುಂದೆ ನಿಂತಳು, ಹೊಡೆಯಲು ಬಂದವರಿಂದ ಕಾಯುವವಳ ಹಾಗೆ.

"ಅವಳನ್ನ ಯಾಕ್ರೀ ಕೇಳ್ತೀರ? ಅಂಟಿಸು ಅಂದೆ, ಅಂಟಿಸಿದ್ಳು. ಆ ನಂಬರೆಲ್ಲ ಅವಳಿಗೇನು ಅರ್ಥ ಆಗುತ್ತೆ, ಪಾಪ."

ಅಣ್ಣ ಒಂದು ಕ್ಷಣ ತಂಗಿಯನ್ನು ನೋಡಿದ. ಆಮೇಲೆ ಭುಜ ಇಳಿಬಿಟ್ಟು, "ಹೌದು ಬಿಡು," ಅಂದ.

ಏಳು ವರ್ಷ. ಎಂಟು ಅಕ್ಷರ ಗಟ್ಟಿಯಾಗಿ ಓದಿದ್ದು ಎಷ್ಟು ನೂರು ಸಲವೋ. ಹೌದು ಬಿಡು.

"ನನಗೆ ಗೊತ್ತಿತ್ತು," ಎಂದಳು ಅಳಿಲು.

ದನಿ ತನ್ನದೇ ಅನ್ನಿಸಲಿಲ್ಲ. ಡಿಸ್ಕುಗಳ ನಂಬರು ಓದುವಾಗ ಬರುತ್ತಿದ್ದ ದನಿ ಅದು.

"ಎಂಟು, ಎಫ್, ಎರಡು, ಡಿ. ಎರಡರ ಮೇಲೂ ಅದೇ ಇತ್ತು. ಕೈಗೆ ಕೊಟ್ಟ ಕೂಡ್ಲೇ ನೋಡ್ದೆ. ಪ್ರೆಸ್ಸಿನವರದ್ದಕ್ಕೆ ಆಯ್ತಲ್ಲ, ಹಾಗೇ ಆಗುತ್ತೆ ಅಂತ ಅವತ್ತೇ ಗೊತ್ತಾಯ್ತು. ನೋಡ್ದೇ ಅಂಟಿಸಿದ್ದಲ್ಲ ಅಣ್ಣ. ನೋಡೇ ಅಂಟಿಸ್ದೆ."

ನರ್ಸಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅತ್ತಿಗೆ ನಿಧಾನವಾಗಿ ಪಕ್ಕಕ್ಕೆ ಸರಿದಳು, ಕಾಯಬೇಕಾದವಳು ಅಲ್ಲಿ ಇಲ್ಲವೆಂದು ಈಗ ತಿಳಿದ ಹಾಗೆ.

"ಗೊತ್ತಿದ್ದೂ ಹತ್ತು ದಿನ ಸುಮ್ನಿದ್ಯಾ?" ಅಣ್ಣ ಕೇಳಿದ. ಸಿಟ್ಟಿನ ದನಿಯಲ್ಲ. ಪರದೆಯ ಮೇಲೆ ಎಂದೂ ಕಾಣದ ಸಂದೇಶ ಬಂದಾಗ ಓದುತ್ತಿದ್ದ ದನಿ. "ಯಾಕೆ?"

ಅವಳು ಸ್ಟೂಲಿನ ಕಡೆ ನೋಡಿದಳು. ಅಣ್ಣನೂ ಆ ಕಡೆ ನೋಡಿದ. ಅಲ್ಲಿ ಕೈಚೀಲವಿತ್ತು. ಅವನಿಗೆ ಅರ್ಥವಾಯಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವನು ನರ್ಸಮ್ಮನಿಗೆ, ಸಂಜೆಯೊಳಗೆ ಎಷ್ಟು ಸಿಗುತ್ತದೋ ಅಷ್ಟು ತೆಗೆಯುತ್ತೇನೆ, ಡಾಕ್ಟರಮ್ಮನಿಗೆ ನಾನೇ ಬಂದು ಹೇಳುತ್ತೇನೆ ಎಂದು ಹೇಳಿ ಕಳಿಸಿದ.

ಆಮೇಲೆ ಕೆಲಸ ನಡೆಯಿತು. ಅಣ್ಣ ಹಳೆಯ ಡಿಸ್ಕನ್ನು ಹೊರತೆಗೆದು ಬೇರೆ ಯಂತ್ರಕ್ಕೆ ಸಿಕ್ಕಿಸಿ, ಕಿವಿ ಹಚ್ಚಿ ಕೂತ. ಟಕ್ ಟಕ್, ಸ್ವಲ್ಪ ಹೊತ್ತು ಓಟ, ಮತ್ತೆ ಟಕ್. ಒಂದೊಂದೇ ಫೋಟೋ ಬರುತ್ತಿತ್ತು, ಒಂದೊಂದು ಅರ್ಧಕ್ಕೆ ನಿಲ್ಲುತ್ತಿತ್ತು. ಒಂದು ದವಡೆ ಪೂರ್ತಿ ಬಂತು, ಅದು ನಾಳೆಯವರದ್ದೋ ಅಲ್ಲವೋ ನೋಡಲು ಹೆಸರಿನ ಸಾಲು ಇನ್ನೂ ಬಂದಿರಲಿಲ್ಲ. ಅತ್ತಿಗೆ ಈ ಕಡೆ ಹೊಸ ಡಿಸ್ಕಿಗೆ ಹೊಸ ನಂಬರು ಹುಟ್ಟಿಸುತ್ತಿದ್ದಳು. ಯಂತ್ರ ಏಳುವಾಗ ಹುಡುಕುವ ಕಡತದಲ್ಲೂ ಅದನ್ನೇ ಬರೆದಳು, ಒಂದೊಂದು ಅಂಕಿಯನ್ನೂ ಎರಡೆರಡು ಸಲ ನೋಡುತ್ತ. ಸ್ಟಿಕ್ಕರ್ ಮುದ್ರಿಸುವ ಯಂತ್ರದ ಹಸಿರು ದೀಪ ಸುಮ್ಮನೆ ಉರಿಯುತ್ತಿತ್ತು, ಅದನ್ನು ಯಾರೂ ಮುಟ್ಟಲಿಲ್ಲ.

ನಂಬರು ಬರೆದು ಮುಗಿದ ಮೇಲೆ ಅಳಿಲು ಹೊಸ ಡಿಸ್ಕನ್ನು ಕೇಬಲಿನಿಂದ ಬಿಡಿಸಿ ಕೈಗೆ ತೆಗೆದುಕೊಂಡು ಹಳೆಯ ಸ್ಟಿಕ್ಕರನ್ನು ಉಗುರಿನಿಂದ ಕೆರೆದಳು. ಚೆನ್ನಾಗಿ ಅಂಟಿಸಿದ್ದರಿಂದ ಬಿಡಲು ತುಂಬ ಹೊತ್ತು ಹಿಡಿಯಿತು, ಉಗುರಿನ ಬುಡ ಕೆಂಪಾಯಿತು. ಅಂಟಿನ ಕಲೆಯನ್ನು ಬಟ್ಟೆಯಿಂದ ಒರೆಸಿದಳು. ಕೌಂಟರಿನ ಕೆಳಗಿನ ಖಾನೆಯಿಂದ ಖಾಲಿ ಸ್ಟಿಕ್ಕರುಗಳ ಹಾಳೆ ತೆಗೆದಳು. ಮೇಜಿನ ಹತ್ತಿರ ಹೋಗಿ ಅತ್ತಿಗೆಯ ಹೆಗಲಿನ ಹಿಂದೆ ನಿಂತಳು. ಪರದೆಯ ಮೇಲೆ ಐದು ಗೊಂಚಲಿನ ಹೊಸ ನಂಬರು ಇತ್ತು. ಕೊನೆಯ ನಾಲ್ಕು, ನಾಲ್ಕು-ಒಂದು-ಸಿ-ಸೊನ್ನೆ. ಕಪ್ಪು ಪೆನ್ನು ಕಣ್ಣಿಗೆ ಗೇಣು ದೂರದಲ್ಲೇ ಇತ್ತು, ಕೂದಲ ಗಂಟಿನಲ್ಲಿ. ಕೈ ಚಾಚಿ ಎಳೆದುಕೊಳ್ಳಬಹುದಿತ್ತು.

ಅಣ್ಣ ಡಿಸ್ಕಿನಿಂದ ಕಿವಿ ತೆಗೆಯಲಿಲ್ಲ. ಅತ್ತಿಗೆಯ ಬೆರಳುಗಳು ಕೀಲಿಗಳ ಮೇಲೆ ನಿಂತಿದ್ದವು, ಒತ್ತುತ್ತಿರಲಿಲ್ಲ.

"ಅತ್ತಿಗೆ, ಆ ಪೆನ್ನು ಸ್ವಲ್ಪ ಕೊಡಿ."